ಅದಿರು ಮುಗಿದಿರಲಿಲ್ಲ, ಆದರೂ ಗಣಿ ನಿಂತಿತು

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿ. ಎಂಟು ಎಕರೆ ಕಾಫಿ ತೋಟ ಇದೆ. ಈಚೆಗೆ ಕಾಫಿಗೆ ಒಳ್ಳೆ ಬೆಲೆ ಬಂತು. ಊರಲ್ಲಿ ಎಲ್ಲರ ಮನೆ ಮುಂದೆ ಹೊಸ ಕಾರು, ಒಳಗೆ ಗೋಡೆ ತುಂಬುವ ಟಿವಿ. ನಮ್ಮ ಮನೆಯಲ್ಲೂ ಇನ್ನೊಂದು ಕಾರು ಕೊಳ್ಳೋಣ, ಸಾಲ ಮಾಡಿ ಆರು ಕೋಣೆಯ ಹೋಮ್‌ಸ್ಟೇ ಕಟ್ಟೋಣ ಎಂಬ ಮಾತು ನಡೆದಿದೆ. ಇರುವುದು ಒಂದೇ ಭೂಮಿ, ಎಲ್ಲರೂ ಹೀಗೆ ಕೊಳ್ಳುತ್ತಲೇ ಹೋದರೆ ಎಲ್ಲಿಗೆ ಮುಟ್ಟುತ್ತದೆ ಎಂದು ನಾನು ಕೇಳುತ್ತೇನೆ. ಬಿ.ಕಾಂ. ಓದುತ್ತಿರುವ ಮಗ, ‘ಜನ ಕೊಳ್ಳೋದು ನಿಲ್ಲಿಸಿದರೆ ದೇಶವೇ ನಿಂತು ಹೋಗುತ್ತೆ, ಕೆಲಸ ಎಲ್ಲಿಂದ ಬರುತ್ತೆ?’ ಅನ್ನುತ್ತಾನೆ. ಇಬ್ಬರಲ್ಲಿ ಯಾರು ಸರಿ? ಬೆಳವಣಿಗೆಗೆ ನಿಜವಾಗಿ ಮಿತಿ ಅಂತ ಒಂದು ಇದೆಯಾ?

ಉತ್ತರ: ಮಿತಿ ಇದೆ. ಅದು ಹೇಗಿರುತ್ತದೆ ಎಂದು ನೋಡಲು ನೀವು ದೂರ ಹೋಗಬೇಕಿಲ್ಲ. ಕುದುರೆಮುಖಕ್ಕೆ ಹೋದರೆ ಸಾಕು.

ಈಗ ಅದು ಕಳಸ ತಾಲ್ಲೂಕು. ಅಲ್ಲಿ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿದ್ದ ಕಾಲದಲ್ಲಿ ನಿಮ್ಮ ಮೂಡಿಗೆರೆ ತಾಲ್ಲೂಕಿಗೇ ಸೇರಿತ್ತು. 1970ರ ದಶಕದಲ್ಲಿ ಇರಾನಿನ ದೊರೆ ಶಾ ಅವರ ಸರ್ಕಾರಕ್ಕೆ ಕಬ್ಬಿಣ ಬೇಕಿತ್ತು. ಅದು ಸಾಲ ಕೊಡಲು ಮುಂದೆ ಬಂತು, 1976ರಲ್ಲಿ ಗಣಿ ನಡೆಸಲು ಕೇಂದ್ರ ಸರ್ಕಾರದ ಕಂಪನಿ ಶುರುವಾಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಶಾ ದೇಶ ಬಿಟ್ಟರು. ಅದಿರು ಕೊಳ್ಳಬೇಕಾದವರೇ ಇಲ್ಲವಾದರು. ಆದರೂ ಗಣಿ ನಿಲ್ಲಲಿಲ್ಲ, ಬೇರೆ ದೇಶಗಳ ಗಿರಾಕಿಗಳು ಸಿಕ್ಕರು. ಅಲ್ಲಿನದು ಕಬ್ಬಿಣದ ಅಂಶ ಕಡಿಮೆ ಇರುವ ಅದಿರು. ಗುಡ್ಡ ಒಡೆದು, ಪುಡಿ ಮಾಡಿ, ಕಬ್ಬಿಣದ ಭಾಗವನ್ನು ಬೇರೆ ಮಾಡಿ, ನೀರಲ್ಲಿ ಕಲಸಿ, 60 ಕಿಲೋಮೀಟರಿಗೂ ಉದ್ದದ ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಮಿಕ್ಕ ಪುಡಿಮಣ್ಣಿಗೂ ಒಂದು ಜಾಗ ಬೇಕಲ್ಲ? ಅದನ್ನು ತಡೆದು ನಿಲ್ಲಿಸಲು ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಆ ಮಣ್ಣು ಇವತ್ತಿಗೂ ಅಲ್ಲೇ ಇದೆ.

ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ಅಲ್ಲಿ ಸುರಿಯುವ ಮಳೆ ಎಂಥದ್ದು ಅಂತ ನಿಮಗೆ ನಾನು ಹೇಳಬೇಕಿಲ್ಲ. ಬಿಚ್ಚಿಟ್ಟ ಗುಡ್ಡದ ಮೇಲೆ ಆ ಮಳೆ ಬಿದ್ದಾಗ ಮಣ್ಣು ಭದ್ರೆಗೆ ಇಳಿಯಿತು. ನದಿಯ ಕೆಳಗೆ ಲಕ್ಕವಳ್ಳಿಯ ಜಲಾಶಯ, ಅದನ್ನು ನಂಬಿದ ಶಿವಮೊಗ್ಗ, ದಾವಣಗೆರೆಯ ಗದ್ದೆಗಳು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. 1999ಕ್ಕೆ ಗಣಿಯ ಗುತ್ತಿಗೆ ಮುಗಿಯಿತು. ಆಮೇಲೂ ಸ್ವಲ್ಪ ಸ್ವಲ್ಪ ಕಾಲ ಮುಂದೂಡುತ್ತಾ ಕೆಲಸ ನಡೆಯಿತು. ಜನ ಹೋರಾಡಿದರು, ಕೋರ್ಟಿಗೆ ಹೋದರು. 2005ರ ಕೊನೆಗೆ ನಿಲ್ಲಿಸಲೇಬೇಕು ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಹಾಗೇ ನಿಂತಿತು.

ನಿಲ್ಲಿಸುವ ಹೊತ್ತಿಗೆ ಗುಡ್ಡದಲ್ಲಿ ಇನ್ನೂ ಅದಿರಿತ್ತು. ಕೊಳ್ಳುವವರೂ ಇದ್ದರು, ಯಂತ್ರಗಳೂ ಇದ್ದವು. ಆದರೆ ಹೊಳೆಗೂ ಕಾಡಿಗೂ ತಡೆದುಕೊಳ್ಳುವ ಶಕ್ತಿ ಉಳಿದಿರಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರದ ಮುಖ್ಯ ಭಾಗ ಇಲ್ಲೇ ಇದೆ. ಮಿತಿ ಅಂದ ಕೂಡಲೇ ‘ಯಾವುದೋ ಒಂದು ವಸ್ತು ಖಾಲಿಯಾಗುತ್ತೆ’ ಎಂದು ನಾವು ಯೋಚಿಸುತ್ತೇವೆ. ಪೆಟ್ರೋಲ್ ಯಾವಾಗ ಮುಗಿಯುತ್ತೆ, ಕಲ್ಲಿದ್ದಲು ಎಷ್ಟು ವರ್ಷಕ್ಕಿದೆ ಎಂದು ಕೇಳುತ್ತೇವೆ. ಈ ಲೆಕ್ಕ ಹಾಕಿದ ಬಹಳ ಜನ ಸೋತಿದ್ದಾರೆ. 1980ರಲ್ಲಿ ಅಮೆರಿಕದಲ್ಲಿ ಒಂದು ಪಂದ್ಯ ನಡೆಯಿತು. ಒಂದು ಕಡೆ ಜೀವವಿಜ್ಞಾನಿ ಪಾಲ್ ಎರ್ಲಿಕ್, ಇನ್ನೊಂದು ಕಡೆ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್. ತಾಮ್ರ, ಕ್ರೋಮಿಯಂ, ನಿಕಲ್, ತವರ, ಟಂಗ್‌ಸ್ಟನ್ ಈ ಐದು ಲೋಹಗಳ ಬೆಲೆ ಹತ್ತು ವರ್ಷದಲ್ಲಿ ಏರುತ್ತೆ ಎಂದು ಎರ್ಲಿಕ್, ಇಳಿಯುತ್ತೆ ಎಂದು ಸೈಮನ್. 1990ರಲ್ಲಿ ಹಣದುಬ್ಬರ ಕಳೆದು ನೋಡಿದರೆ ಐದರ ಬೆಲೆಯೂ ಇಳಿದಿತ್ತು. ಎರ್ಲಿಕ್ ಚೆಕ್ ಬರೆದು ಕಳಿಸಿದರು. ಬೆಲೆ ಏರಿದರೆ ಜನ ಹೊಸ ಗಣಿ ಹುಡುಕುತ್ತಾರೆ, ಬದಲಿ ವಸ್ತು ಹುಡುಕುತ್ತಾರೆ, ಕಡಿಮೆ ಬಳಸುವುದು ಕಲಿಯುತ್ತಾರೆ ಎಂಬ ಸೈಮನ್ ವಾದದಲ್ಲಿ ಹುರುಳಿದೆ. ನಿಮ್ಮ ಮಗನ ಪುಸ್ತಕದಲ್ಲೂ ಅದೇ ಇರುತ್ತದೆ.

ಆದರೆ ಅಗೆದದ್ದು, ಸುಟ್ಟದ್ದು ಎಲ್ಲವೂ ಕೊನೆಗೆ ಎಲ್ಲೋ ಒಂದು ಕಡೆ ಹೋಗಿ ಸೇರಬೇಕು. ಆ ಜಾಗಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಕೈಗಾರಿಕೆಗಳು ಬರುವ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇಂಗಾಲದ ಡೈ ಆಕ್ಸೈಡ್ ಇತ್ತು. ಈಗ 420 ದಾಟಿದೆ. ಕಲ್ಲಿದ್ದಲು ಇನ್ನೂ ಬೇಕಾದಷ್ಟಿದೆ. ಅದರ ಹೊಗೆ ಹಿಡಿಸುವ ಜಾಗ ಇಲ್ಲವಾಗಿದೆ.

ನಿಮ್ಮ ಊರಿನ ಹೊಸ ಕಾರುಗಳ ಹಣ ಎಲ್ಲಿಂದ ಬಂತು ಎಂದು ಯೋಚಿಸಿ ನೋಡಿ. ನಮ್ಮ ತೋಟಗಳು ಇದ್ದಕ್ಕಿದ್ದಂತೆ ಎರಡು ಪಟ್ಟು ಇಳುವರಿ ಕೊಡಲಿಲ್ಲ. ಬ್ರೆಜಿಲ್‌ನಲ್ಲಿ ಬರ ಬಂತು. ವಿಯೆಟ್ನಾಂನಲ್ಲಿ ಬಿಸಿಲು ಹೊಡೆದು ರೊಬಸ್ಟಾ ಕಾಫಿ ಸೊರಗಿತು, ಜೊತೆಗೆ ಅಲ್ಲಿಯ ರೈತರು ಕಾಫಿ ಬಿಟ್ಟು ಡುರಿಯನ್ ಹಣ್ಣಿನ ಕಡೆ ತಿರುಗಿದ್ದರು. ಜಗತ್ತಿಗೆ ಕಾಫಿ ಸಾಲದೆ ನಮ್ಮ ಚೀಲಕ್ಕೆ ಬೆಲೆ ಬಂತು. ಅಲ್ಲಿಯ ರೈತನ ನಷ್ಟ ನಮ್ಮ ಜಿಲ್ಲೆಯ ಲೆಕ್ಕದಲ್ಲಿ ಬೆಳವಣಿಗೆ ಎಂದು ದಾಖಲಾಯಿತು. ಕಾಫಿ ಹೂವರಳಿಸುವ ಮಾರ್ಚ್‌–ಏಪ್ರಿಲ್‌ನ ಹೂಮಳೆ ನಮಗೆ ಕೈಕೊಟ್ಟ ವರ್ಷ ಇದೇ ಲೆಕ್ಕ ತಿರುಗಾಮುರುಗಾ ಆಗುತ್ತದೆ. ಬೆಲೆ ಬಂದದ್ದು ತಪ್ಪಲ್ಲ, ವರ್ಷಗಟ್ಟಲೆ ಕಷ್ಟಪಟ್ಟವರಿಗೆ ಅದು ಬರಲೇಬೇಕಿತ್ತು. ಆದರೆ ಈ ಹಣವನ್ನು ಪ್ರತಿ ವರ್ಷ ಬರುವ ಆದಾಯ ಎಂದು ನಂಬಿ ಹದಿನೈದು ವರ್ಷದ ಸಾಲಕ್ಕೆ ಸಹಿ ಹಾಕಬಾರದು.

ಮಲೆನಾಡಿಗೆ ಇದು ಹೊಸದೂ ಅಲ್ಲ. 1989ರಲ್ಲಿ ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದು ಎಂದು ಗೊತ್ತುಮಾಡುತ್ತಿದ್ದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಬಿದ್ದುಹೋಯಿತು, ಬೆಲೆಯೂ ಬಿತ್ತು. 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡಗಳು ಹಾಳಾಗಿ ಬೆಲೆ ಹಾರಿತು. ಎಲ್ಲ ದೇಶದವರೂ ಹೊಸ ಗಿಡ ನೆಟ್ಟರು, ವಿಯೆಟ್ನಾಂ ಎಲ್ಲರಿಗಿಂತ ಜಾಸ್ತಿ. ಆ ಗಿಡಗಳೆಲ್ಲ ಫಲಕ್ಕೆ ಬಂದ ಮೇಲೆ, 2001ರ ಆಸುಪಾಸಿನಲ್ಲಿ, ಬೆಲೆ ನೆಲಕ್ಕೆ ಬಿತ್ತು. ಏರಿದ ಬೆಲೆ ನೋಡಿ ಸಾಲ ಮಾಡಿದವರು ಆಗ ಪಟ್ಟ ಪಾಡು ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು.

ಇನ್ನು ಜಿಡಿಪಿ, ಅಂದರೆ ದೇಶದಲ್ಲಿ ಒಂದು ವರ್ಷದಲ್ಲಿ ಉತ್ಪಾದನೆಯಾದ ಸರಕು, ಸೇವೆಗಳ ಒಟ್ಟು ಬೆಲೆ. ರಾಷ್ಟ್ರೀಯ ಆದಾಯ ಲೆಕ್ಕ ಹಾಕುವ ಕ್ರಮ ರೂಪಿಸಿದವರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ ದೊಡ್ಡ ಹೆಸರು. ಇಂಥ ಅಂಕಿಯಿಂದ ಜನರ ಕ್ಷೇಮವನ್ನು ಅಳೆಯಲಾಗದು ಎಂದು ಅವರೇ 1934ರಲ್ಲಿ ಅಮೆರಿಕದ ಸಂಸತ್ತಿಗೆ ಕೊಟ್ಟ ವರದಿಯಲ್ಲಿ ಎಚ್ಚರಿಸಿದ್ದರು. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶಿರಾಡಿ ಘಾಟಿಯಲ್ಲಿ ರಸ್ತೆ ಅಗಲ ಮಾಡಲು ಗುಡ್ಡವನ್ನು ನೆಟ್ಟಗೆ ಕತ್ತರಿಸಿದರೆ ಆ ಖರ್ಚು ಜಿಡಿಪಿಗೆ ಸೇರುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದಾಗ ಮಣ್ಣು ತೆಗೆಯುವ ಖರ್ಚೂ ಸೇರುತ್ತದೆ. ತಡೆಗೋಡೆ ಕಟ್ಟುವುದೂ ಸೇರುತ್ತದೆ. ಹೋದ ಗುಡ್ಡ ಮಾತ್ರ ಯಾವ ಕಾಲಮ್ಮಿನಲ್ಲೂ ಇಲ್ಲ.

ಮಗ ಬಿ.ಕಾಂ. ಓದುತ್ತಿದ್ದಾನೆ ಅಂದಿರಿ. ಹಾಗಾದರೆ ಅವನಿಗೆ ಅಸಲು, ಬಡ್ಡಿಯ ಭಾಷೆಯಲ್ಲೇ ಹೇಳುತ್ತೇನೆ. ಬ್ಯಾಂಕಿನಲ್ಲಿ ಇಟ್ಟ ಅಸಲನ್ನು ತೆಗೆದು ಖರ್ಚು ಮಾಡುತ್ತಾ, ಅದನ್ನೇ ಆದಾಯ ಎಂದು ತೋರಿಸಿದರೆ ಯಾವ ಆಡಿಟರ್ ಒಪ್ಪುತ್ತಾನೆ? ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜಾನ್ ಹಿಕ್ಸ್ 1939ರಲ್ಲೇ ಇದನ್ನು ಖಚಿತವಾಗಿ ಹೇಳಿದರು. ವಾರದ ಮೊದಲು ಎಷ್ಟು ಸ್ಥಿತಿವಂತರಾಗಿದ್ದೆವೋ ಕೊನೆಗೂ ಅಷ್ಟೇ ಸ್ಥಿತಿವಂತರಾಗಿ ಉಳಿದು, ನಡುವೆ ಎಷ್ಟು ಖರ್ಚು ಮಾಡಬಹುದೋ ಅಷ್ಟು ಮಾತ್ರ ಆದಾಯ. ಗಾಂಧೀಜಿಯ ಜೊತೆಗಾರ ಜೆ.ಸಿ. ಕುಮಾರಪ್ಪ ಲಂಡನ್ನಿನಲ್ಲಿ ಕಲಿತ ಲೆಕ್ಕಪರಿಶೋಧಕರು. ಗಣಿಯಿಂದ ಎತ್ತಿ ಬರಿದು ಮಾಡುವ ಸಂಪತ್ತು ಬೇರೆ, ವರ್ಷ ವರ್ಷ ಹರಿದು ಬರುವ ಸಂಪತ್ತು ಬೇರೆ, ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯಬೇಡಿ ಎಂಬುದು ಅವರ ವಾದದ ತಿರುಳು. ಹಳ್ಳಿಯ ಬಗ್ಗೆ ಭಾವುಕರಾಗಿ ಆಡಿದ ಮಾತು ಎಂದು ಅನೇಕರು ಅದನ್ನು ಪಕ್ಕಕ್ಕಿಟ್ಟರು. ನನ್ನ ಪ್ರಕಾರ ಅದು ಶುದ್ಧ ಅಕೌಂಟಿಂಗ್.

ಈ ಕಣ್ಣಿನಿಂದ ನಿಮ್ಮ ತೋಟ ನೋಡಿ. ಹಳೆ ತೋಟದಲ್ಲಿ ಅತ್ತಿ, ಬಸರಿ, ಹಲಸು, ನಂದಿ, ಹೊನ್ನೆ ಮರಗಳ ನೆರಳಿರುತ್ತಿತ್ತು. ಎಷ್ಟೋ ಕಡೆ ಅವನ್ನು ತೆಗೆದು ಸಿಲ್ವರ್ ಓಕ್ ಹಾಕಿದರು. ಬೇಗ ಬೆಳೆಯುತ್ತೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಬೇಕಾದಾಗ ಕಡಿದು ಮಾರಬಹುದು. ಮರ ಮಾರಿದ ವರ್ಷ ಕೈತುಂಬ ಹಣ. ಆಮೇಲೆ? ನೆರಳು ತೆಳುವಾದ ತೋಟದಲ್ಲಿ ಅರೇಬಿಕಾ ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕದ ಕಾಟ ಜಾಸ್ತಿ, ಯಾಕೆಂದರೆ ಆ ದುಂಬಿಗೆ ಬಿಸಿಲು ಬೀಳುವ ಕಾಂಡವೇ ಇಷ್ಟ. ಉದುರುವ ಎಲೆಯ ಗೊಬ್ಬರ ಕಡಿಮೆಯಾಯಿತು, ಚೀಲದ ಗೊಬ್ಬರ ಹೆಚ್ಚಾಯಿತು. ಆ ಚೀಲದಲ್ಲಿರುವ ಪೊಟ್ಯಾಷ್ ಹೊರದೇಶದಿಂದ ಬರುತ್ತದೆ. ಗೊಬ್ಬರದ ಇನ್ನೊಂದು ಅಂಶವಾದ ರಂಜಕ (ಫಾಸ್ಫರಸ್) ಸಿಗುವ ಶಿಲೆಯ ನಿಕ್ಷೇಪವಂತೂ ಜಗತ್ತಿನಲ್ಲಿ ಸುಮಾರು ಶೇ 70ರಷ್ಟು ಮೊರಾಕ್ಕೊ ಮತ್ತು ಪಶ್ಚಿಮ ಸಹಾರಾದಲ್ಲೇ ಇದೆ. ಗಿಡಕ್ಕೆ ರಂಜಕದ ಬದಲು ಇನ್ನೇನನ್ನೂ ಕೊಡಲಾಗದು. ಬದಲಿ ಸಿಕ್ಕೇ ಸಿಗುತ್ತದೆ ಎಂಬ ಜೂಲಿಯನ್ ಸೈಮನ್ ವಾದ ಇಲ್ಲಿ ನಡೆಯುವುದಿಲ್ಲ.

ಬಯಲುಸೀಮೆಯ ಕಡೆ ಹೋದರೆ ಇದೇ ಕಥೆ ನೀರಿನಲ್ಲಿ ಕಾಣುತ್ತದೆ. ಕಡೂರು, ಅಜ್ಜಂಪುರ, ಅರಸೀಕೆರೆ ಕಡೆ ಮಳೆ ಕಡಿಮೆ. ನೂರಾರು ವರ್ಷ ಅಲ್ಲಿಯ ಜನ ಕೆರೆ ನೀರಿನ ಅಳತೆಗೆ ತಕ್ಕಂತೆ ಬೆಳೆ ಇಟ್ಟುಕೊಂಡರು. ಸಖರಾಯಪಟ್ಟಣದ ಅಯ್ಯನಕೆರೆ, ಕಡೂರಿನ ಮದಗದ ಕೆರೆ ಆ ಲೆಕ್ಕದವು. ಬೋರ್‌ವೆಲ್ ಬಂದ ಮೇಲೆ ಲೆಕ್ಕ ತಪ್ಪಿತು. ವರ್ಷದ ಮಳೆ ಭೂಮಿಗೆ ಇಳಿಸುವಷ್ಟು ನೀರು ಬಡ್ಡಿ. ಅದಕ್ಕಿಂತ ಹೆಚ್ಚು ಎತ್ತಿದ್ದೆಲ್ಲ ಅಸಲು. ರಾಗಿ, ಕಡಲೆಯ ಜಾಗಕ್ಕೆ ವರ್ಷವಿಡೀ ನೀರು ಕೇಳುವ ಅಡಿಕೆ ಬಂತು.

ಆಗ ಎಲ್ಲರೂ ಹೇಳಿದ ಪರಿಹಾರ ಡ್ರಿಪ್, ಅಂದರೆ ಹನಿ ನೀರಾವರಿ. ಒಳ್ಳೆಯ ತಂತ್ರಜ್ಞಾನ, ನಾನೂ ಅದರ ಪರವೇ. ಆದರೆ ಏನಾಯಿತು ನೋಡಿ. ಒಂದು ಎಕರೆಗೆ ಬೇಕಾಗುತ್ತಿದ್ದ ನೀರಲ್ಲಿ ಎರಡು ಎಕರೆ ಆಗುತ್ತೆ ಎಂದು ಗೊತ್ತಾದ ಕೂಡಲೇ ರೈತ ಎರಡನೇ ಎಕರೆಗೂ ಅಡಿಕೆ ಇಟ್ಟ. ಪಕ್ಕದವನೂ ಇಟ್ಟ. ಉಳಿದ ನೀರು ನೆಲದಲ್ಲಿ ಉಳಿಯಲಿಲ್ಲ, ಇನ್ನಷ್ಟು ಗಿಡಕ್ಕೆ ಹೋಯಿತು. ಬೋರ್‌ವೆಲ್ ಆಳ ಹೆಚ್ಚುತ್ತಲೇ ಹೋಯಿತು. ಇದನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ 1865ರಲ್ಲೇ ಕಲ್ಲಿದ್ದಲಿನ ವಿಷಯದಲ್ಲಿ ಗುರುತಿಸಿದ್ದರು. ಉಗಿ ಯಂತ್ರ ಕಡಿಮೆ ಕಲ್ಲಿದ್ದಲಲ್ಲಿ ಹೆಚ್ಚು ಕೆಲಸ ಮಾಡುವಂತಾದಾಗ ಕಲ್ಲಿದ್ದಲಿನ ಬಳಕೆ ಇಳಿಯಲಿಲ್ಲ, ಏರಿತು. ಕೆಲಸ ಅಗ್ಗವಾದರೆ ಅದನ್ನು ಜಾಸ್ತಿ ಮಾಡುತ್ತೇವೆ, ಅಲ್ವಾ? ತಪ್ಪು ರೈತನದ್ದಲ್ಲ. ಒಬ್ಬನೇ ನೀರು ಉಳಿಸಿದರೆ ಅದು ಪಕ್ಕದ ಬೋರ್‌ವೆಲ್ಲಿಗೆ ಹೋಗುತ್ತೆ ಎಂದು ಅವನಿಗೆ ಗೊತ್ತು. ಊರಿಗೇ ಒಂದು ಅಳತೆ ಇಲ್ಲದಿದ್ದರೆ ಉಳಿತಾಯದ ಯಂತ್ರ ಖರ್ಚಿನ ಯಂತ್ರವಾಗುತ್ತದೆ.

ಅಸಲು ಮುಗಿದಾಗ ಪಕ್ಕದ ಊರಿನ ಖಾತೆಗೆ ಕೈ ಹಾಕಬೇಕಾಗುತ್ತದೆ. ಸಕಲೇಶಪುರದ ಬೆಟ್ಟದಿಂದ ಕೋಲಾರ, ಚಿಕ್ಕಬಳ್ಳಾಪುರಕ್ಕೆ ನೀರು ಒಯ್ಯುವ ಎತ್ತಿನಹೊಳೆ ಯೋಜನೆ ಹುಟ್ಟಿದ್ದು ಹೀಗೆ. 2012ರಲ್ಲಿ 8 ಸಾವಿರ ಕೋಟಿ ರೂಪಾಯಿ ಚಿಲ್ಲರೆ ಎಂದಿದ್ದ ಅಂದಾಜು ಆಮೇಲೆ 23 ಸಾವಿರ ಕೋಟಿ ದಾಟಿತು. ಕೋಲಾರದ ತಾಯಂದಿರಿಗೆ ಕುಡಿಯುವ ನೀರು ಬೇಡ ಎಂದು ಹೇಳುವ ಹಕ್ಕು ನಮಗಿಲ್ಲ. ಆದರೆ ಅಲ್ಲಿಯ ಕೆರೆಗಳೂ ಅಂತರ್ಜಲವೂ ಬತ್ತುತ್ತಿದ್ದ ವರ್ಷಗಳಲ್ಲಿ ಆ ನಷ್ಟ ಯಾವ ವರ್ಷದ ಲೆಕ್ಕಪತ್ರದಲ್ಲೂ ಕಾಣಲಿಲ್ಲ. ಬಿಲ್ಲು ಒಟ್ಟಿಗೆ ಬಂತು.

ಇಡೀ ಜಗತ್ತಿನ ಲೆಕ್ಕವೂ ಹೀಗೇ ಇದೆ. 1970ರಲ್ಲಿ ಮನುಷ್ಯರು ಭೂಮಿಯಿಂದ ತೆಗೆಯುತ್ತಿದ್ದ ಕಲ್ಲು, ಮರಳು, ಅದಿರು, ಇಂಧನ, ಬೆಳೆ ಎಲ್ಲ ಸೇರಿ ವರ್ಷಕ್ಕೆ ಸುಮಾರು 3,000 ಕೋಟಿ ಟನ್. ಈಗ 10,000 ಕೋಟಿ ಟನ್ ದಾಟಿದೆ. ಜನಸಂಖ್ಯೆ ಅಷ್ಟರಲ್ಲಿ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚಾಗಿದೆ, ತೆಗೆಯುವುದು ಮೂರು ಪಟ್ಟು ದಾಟಿದೆ. ಹಾಗಾಗಿ ‘ಜನ ಜಾಸ್ತಿಯಾದರು, ಅದಕ್ಕೇ ಹೀಗೆ’ ಎಂಬುದು ಅರ್ಧ ಸತ್ಯ ಮಾತ್ರ. ಶ್ರೀಮಂತ ದೇಶದ ಒಬ್ಬ ವ್ಯಕ್ತಿ ಬಡ ದೇಶದ ಒಬ್ಬನಿಗಿಂತ ಸುಮಾರು ಆರು ಪಟ್ಟು ವಸ್ತು ಬಳಸುತ್ತಾನೆ.

ಹಣ ಬೆಳೆಯಲಿ, ವಸ್ತು ಬೆಳೆಯದಿರಲಿ ಎಂಬಂತೆ ಮಾಡಲು ಆಗಲ್ವಾ? ನಿಮ್ಮ ಮಗ ಈ ಪ್ರಶ್ನೆ ಕೇಳಬೇಕು, ಇದು ಒಳ್ಳೆ ಪ್ರಶ್ನೆ. ಸ್ವಲ್ಪ ಮಟ್ಟಿಗೆ ಆಗುತ್ತದೆ. ಬ್ರಿಟನ್‌ನಂಥ ದೇಶಗಳಲ್ಲಿ ಆದಾಯ ಏರುತ್ತಿದ್ದರೂ ಇಂಗಾಲದ ಹೊಗೆ ಇಳಿದಿದೆ. ಅದರಲ್ಲಿ ಒಂದು ಭಾಗ ಕಾರ್ಖಾನೆಗಳು ಬೇರೆ ದೇಶಕ್ಕೆ ಹೋದದ್ದರಿಂದ, ಇನ್ನೊಂದು ಭಾಗ ನಿಜವಾದ ಸುಧಾರಣೆ. ಆದರೆ ಇಡೀ ಜಗತ್ತನ್ನು ತೆಗೆದುಕೊಂಡರೆ ಹಾಗಾಗಿಲ್ಲ. ಸೌರ ವಿದ್ಯುತ್ ಇಷ್ಟು ಅಗ್ಗವಾದ ಮೇಲೂ 2024ರಲ್ಲಿ ಜಗತ್ತು ಸುಟ್ಟ ಕಲ್ಲಿದ್ದಲು ಅದುವರೆಗಿನ ಎಲ್ಲ ವರ್ಷಕ್ಕಿಂತ ಹೆಚ್ಚು. ಹೊಸದು ಹಳೆಯದರ ಜಾಗಕ್ಕೆ ಬರಲಿಲ್ಲ, ಅದರ ಮೇಲೆ ಬಂತು. ಜೆವೊನ್ಸ್ ಕಂಡದ್ದೇ ಮತ್ತೆ.

ಮಗನ ಕೈಗೆ ಒಂದು ಕ್ಯಾಲ್ಕುಲೇಟರ್ ಕೊಡಿ. ವರ್ಷಕ್ಕೆ ಶೇ 7ರಷ್ಟು ಬೆಳೆಯುವುದು ಸುಮಾರು ಹತ್ತು ವರ್ಷಕ್ಕೆ ಎರಡು ಪಟ್ಟಾಗುತ್ತದೆ. ನೂರು ವರ್ಷ ಹೀಗೇ ಹೋದರೆ 860 ಪಟ್ಟಿಗೂ ಹೆಚ್ಚು. ಜಗತ್ತಿನ ಸರಾಸರಿ ಎಂದು ಶೇ 3 ಹಿಡಿದರೂ ನೂರು ವರ್ಷಕ್ಕೆ 19 ಪಟ್ಟು. ಇಷ್ಟು ಸರಕು, ಅದರ ಕಸ, ಅದರ ಹೊಗೆ ಹಿಡಿಸುವ ಜಾಗ ಎಲ್ಲಿದೆ ಎಂದು ಅವನೇ ಹೇಳಲಿ.

ಆದರೂ ಅವನ ಮಾತಲ್ಲಿ ಅರ್ಧ ನಿಜವಿದೆ, ಅದನ್ನು ತಳ್ಳಿಹಾಕಬೇಡಿ. ಎಲ್ಲರೂ ಒಂದೇ ದಿನ ಕೊಳ್ಳುವುದು ನಿಲ್ಲಿಸಿದರೆ ಮೊದಲು ಬೀಳುವವರು ಬಡವರು. 2020ರ ಲಾಕ್‌ಡೌನ್‌ನಲ್ಲಿ ಅದನ್ನು ಕಣ್ಣಾರೆ ನೋಡಿದ್ದೇವೆ. ಒಬ್ಬನ ಖರ್ಚು ಇನ್ನೊಬ್ಬನ ಆದಾಯ ಎಂಬ, ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್ ಕಾಲದ ಪಾಠ ಸುಳ್ಳಲ್ಲ. ಕುದುರೆಮುಖ ಮುಚ್ಚಿದಾಗಲೂ ಕೆಲಸ ಹೋದವರ ಮನೆಗಳಿದ್ದವು, ಒಂದು ಇಡೀ ಟೌನ್‌ಶಿಪ್ ಖಾಲಿಯಾಯಿತು. ಆ ನೋವನ್ನು ಮರೆತು ಬರೀ ಕಾಡು ಉಳಿಯಿತು ಎಂದು ಖುಷಿಪಡುವುದು ನನ್ನಿಂದಾಗದು. ನಿಲ್ಲಿಸಲೇಬೇಕಾದ್ದನ್ನು ಮೊದಲೇ ತಿಳಿದು, ನಿಧಾನವಾಗಿ, ಕೆಲಸಗಾರರಿಗೆ ಬೇರೆ ದಾರಿ ಮಾಡಿಕೊಟ್ಟು ನಿಲ್ಲಿಸಬೇಕು.

ಕೆಲಸ ಹುಟ್ಟುವುದು ಹೊಸ ಸರಕಿನಿಂದ ಮಾತ್ರ ಎಂಬುದೂ ನಿಜವಲ್ಲ. ಮಿಕ್ಸಿ ರಿಪೇರಿ ಮಾಡುವವನಿಗೂ ಕೆಲಸ ಬೇಕು. ದಾದಿ, ಮೇಷ್ಟ್ರು, ಬಸ್ ಕಂಡಕ್ಟರ್, ಕೆರೆ ಹೂಳೆತ್ತುವವರು, ಮರ ಬೆಳೆಸುವವರು ಎಲ್ಲರೂ ಜಿಡಿಪಿಗೇ ಸೇರುತ್ತಾರೆ, ಭೂಮಿಯಿಂದ ತೆಗೆಯುವುದು ಕಡಿಮೆ. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಅರ್ಧ ಗಂಟೆಗೊಂದು ಒಳ್ಳೆ ಬಸ್ಸಿದ್ದರೆ ಎಷ್ಟು ಮನೆಗೆ ಎರಡನೇ ಕಾರು ಬೇಕಾಗುತ್ತೆ? ಆ ಬಸ್ಸನ್ನು ಯಾರೂ ಜಾಹೀರಾತು ಮಾಡಿ ಮಾರುವುದಿಲ್ಲ. ಕಾರನ್ನು ಮಾರುತ್ತಾರೆ.

ಕೊಳ್ಳುವ ಆಸೆ ತಾನಾಗಿ ಹುಟ್ಟುವುದಕ್ಕಿಂತ ಹುಟ್ಟಿಸಿದ್ದು ಜಾಸ್ತಿ. 1924ರಲ್ಲಿ ಜಗತ್ತಿನ ದೊಡ್ಡ ಬಲ್ಬ್ ತಯಾರಕರು ಕೂಡಿ, ಒಂದು ಬಲ್ಬ್ 1,000 ಗಂಟೆಗಿಂತ ಹೆಚ್ಚು ಉರಿಯಬಾರದು ಎಂದು ಒಪ್ಪಂದ ಮಾಡಿಕೊಂಡರು. ಹೆಚ್ಚು ಬಾಳುವ ಬಲ್ಬ್ ಮಾಡಿದವರಿಗೆ ದಂಡ ಹಾಕಿದರು. ಈಗ ಫೋನಿನ ಬ್ಯಾಟರಿಯನ್ನು ಅಂಟಿನಲ್ಲಿ ಕೂರಿಸುತ್ತಾರೆ, ಬಿಡಿಭಾಗ ಸಿಗುವುದಿಲ್ಲ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಿತ್ತು, ಅದರಲ್ಲಿ ಕ್ರಮವಾಗಿ ಮರುಬಳಕೆಗೆ ಹೋದದ್ದು ಕಾಲು ಭಾಗಕ್ಕೂ ಕಡಿಮೆ. ರಿಪೇರಿ ಮಾಡಿಸಿಕೊಳ್ಳುವ ಹಕ್ಕಿಗಾಗಿ ಕೇಂದ್ರ ಸರ್ಕಾರ ಅದೇ ವರ್ಷ ಒಂದು ಪೋರ್ಟಲ್ ಶುರು ಮಾಡಿದೆ. ಅಷ್ಟು ಸಾಲದು. ‘ಇಷ್ಟು ವರ್ಷ ಬಿಡಿಭಾಗ ಕೊಡಲೇಬೇಕು’ ಎಂಬ ಕಟ್ಟುನಿಟ್ಟಿನ ಕಾನೂನು ಬೇಕು.

ಇಷ್ಟೆಲ್ಲ ಹೇಳುವಾಗ ಒಂದು ಎಚ್ಚರ ಇಟ್ಟುಕೊಳ್ಳೋಣ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈ ಆಕ್ಸೈಡ್ ಬಿಡುತ್ತೇವೆ, ಅಮೆರಿಕದಲ್ಲಿ ಸುಮಾರು 14 ಟನ್. ನಮ್ಮ ಸರಾಸರಿಯೊಳಗೂ ನೀವೂ ನಾನೂ ಒಂದು ಕಡೆ, ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದು ಲೈನ್ ಮನೆಯಲ್ಲಿದ್ದು (ತೋಟದ ಕೆಲಸಗಾರರ ಸಾಲು ಮನೆ) ಕಾಫಿ ಕುಯ್ಯುವವರು ಇನ್ನೊಂದು ಕಡೆ. ಅವರಿಗೆ ಇನ್ನೂ ಹೆಚ್ಚು ಬೇಕು. ಸೋರದ ಸೂರು ಬೇಕು, ಶೌಚಾಲಯ ಬೇಕು, ಮಕ್ಕಳಿಗೆ ಶಾಲೆ ಬೇಕು. ಮಿತಿಯ ಮಾತನ್ನು ಅವರಿಗೆ ಹೇಳುವುದು ಅನ್ಯಾಯ. ನಾವು ಎಲ್ಲಿ ನಿಲ್ಲುತ್ತೇವೋ ಅಲ್ಲಿಂದ ಅವರ ಪಾಲಿಗೆ ಜಾಗ ಸಿಗುತ್ತದೆ.

ಎಲ್ಲಿ ನಿಲ್ಲಬೇಕು ಎಂದು ಮೊದಲೇ ಅಳತೆ ಹಾಕಿಕೊಳ್ಳುವ ಪದ್ಧತಿ ನಮ್ಮ ಕಡೆ ಹೊಸದಲ್ಲ. ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ರಾಜ್ಯ ಬಿಟ್ಟು ನಿಂತ ಬಾಹುಬಲಿಯನ್ನು ಎಲ್ಲರೂ ನೋಡಿದ್ದೇವೆ. ಅಷ್ಟು ದೊಡ್ಡ ತ್ಯಾಗ ಮುನಿಗಳಿಗೆ. ಸಂಸಾರಸ್ಥ ಜೈನರಿಗೆ ಬೇರೆ ಒಂದು ವ್ರತ ಇದೆ, ಪರಿಗ್ರಹ ಪರಿಮಾಣ. ಇಷ್ಟು ಭೂಮಿ, ಇಷ್ಟು ಚಿನ್ನ, ಇಷ್ಟು ಸಾಮಾನು, ಇದಕ್ಕಿಂತ ಮೇಲೆ ನನಗೆ ಬೇಡ ಎಂದು ಗೃಹಸ್ಥ ತಾನೇ ಲೆಕ್ಕ ಕಟ್ಟಿಕೊಳ್ಳುತ್ತಾನೆ. ನನಗೆ ಇದು ಬಹಳ ಇಷ್ಟ, ಯಾಕೆಂದರೆ ಅದು ಹಣ ಕೈಗೆ ಬರುವ ಮೊದಲೇ ಮಾಡಿಕೊಳ್ಳುವ ತೀರ್ಮಾನ.

ಮನೆಗೆ ಈ ಅಳತೆ ಸಾಕು, ಬೆಟ್ಟಕ್ಕೆ ಮತ್ತು ಹೊಳೆಗೆ ಊರು, ಸರ್ಕಾರ ಸೇರಿ ಹಾಕಬೇಕು. ಮುಳ್ಳಯ್ಯನಗಿರಿಗೆ ದಿನಕ್ಕೆ ಇಷ್ಟೇ ವಾಹನ ಎಂದು ಜಿಲ್ಲಾಡಳಿತ ಮಿತಿ ಹಾಕಿ ಮುಂಗಡ ನೋಂದಣಿ ತಂದಾಗ ಕೆಲವರು ವ್ಯಾಪಾರ ಹಾಳಾಯಿತು ಎಂದರು. ನನಗೆ ಅದು ಸರಿಯಾದ ಹೆಜ್ಜೆ ಅನಿಸುತ್ತದೆ. ಬೋರ್‌ವೆಲ್ಲಿಗೂ ಹೋಮ್‌ಸ್ಟೇಗೂ ಇಂಥದೇ ಒಂದು ಸಂಖ್ಯೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಬೇಕು.

ಈಗ ನಿಮ್ಮ ಮನೆಯ ವಿಷಯಕ್ಕೆ ಬರೋಣ. ಎರಡನೇ ಕಾರು ಬೇಡ. ಆ ಹಣದಲ್ಲಿ ಒಂದು ಪಾಲು ಬೆಲೆ ಬಿದ್ದ ವರ್ಷಕ್ಕೆಂದು ಎತ್ತಿಡಿ, ಇನ್ನೊಂದು ಪಾಲಿನಲ್ಲಿ ತೋಟದ ಖಾಲಿ ಜಾಗಕ್ಕೆ ಅತ್ತಿ, ಹಲಸು, ನಂದಿ ನೆಡಿ. ಲೈನ್ ಮನೆ ಇದ್ದರೆ ಮೊದಲು ಅದರ ಸೂರು ನೋಡಿ.

ಹೋಮ್‌ಸ್ಟೇ ಕಟ್ಟಲೇಬಾರದು ಎಂದು ನಾನು ಹೇಳುವುದಿಲ್ಲ. ಎಷ್ಟು ಕೋಣೆ ಎಂಬುದನ್ನು ಬ್ಯಾಂಕಿನ ಸಾಲದ ಮಿತಿ ನೋಡಿ ತೀರ್ಮಾನಿಸಬೇಡಿ, ನೀರು ನೋಡಿ ತೀರ್ಮಾನಿಸಿ. ಜಲಜೀವನ್ ಯೋಜನೆಯಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಲೆಕ್ಕ. ನಗರದವರಿಗೆ ಸಾಮಾನ್ಯವಾಗಿ 135 ಲೀಟರ್ ಹಿಡಿಯುತ್ತಾರೆ. ಆರು ಕೋಣೆಗೆ ಹನ್ನೆರಡು ಜನ ಅಂದರೆ ದಿನಕ್ಕೆ 1,620 ಲೀಟರ್, ಟವೆಲ್, ಹಾಸಿಗೆ ಬಟ್ಟೆ ಒಗೆಯುವುದು ಸೇರಿದರೆ ಇನ್ನೂ ಜಾಸ್ತಿ. ಅತಿಥಿಗಳು ಹೆಚ್ಚು ಬರುವುದು ಬೇಸಿಗೆ ರಜೆಯಲ್ಲಿ, ನಿಮ್ಮ ಬಾವಿ ತಳ ಕಾಣುವುದೂ ಆಗಲೇ. ಕಾಫಿಗೆ ಸ್ಪ್ರಿಂಕ್ಲರ್ ಬೇಕಾಗುವುದೂ ಅದೇ ಹೊತ್ತಿಗೆ. ಹಾಗಾಗಿ ಮಗನಿಗೆ ಒಂದು ಕೆಲಸ ಕೊಡಿ. ಈ ಬೇಸಿಗೆಯಲ್ಲಿ ಫೆಬ್ರುವರಿಯಿಂದ ಮೇ ತನಕ ವಾರಕ್ಕೊಮ್ಮೆ ಬಾವಿಯ ನೀರಿನ ಮಟ್ಟ ಅಳೆದು ಬರೆದಿಡಲಿ. ಒಂದು ದಿನ ಪಂಪ್ ಹಾಕಿ ಎಷ್ಟು ಇಳಿಯಿತು, ಮತ್ತೆ ತುಂಬಲು ಎಷ್ಟು ಗಂಟೆ ಬೇಕಾಯಿತು ಎಂದೂ ಬರೆಯಲಿ. ಕೆಳಗಿನ ಮನೆಯವರ ಬಾವಿಯನ್ನೂ ಅದೇ ದಿನ ಅಳೆಯಲಿ, ಯಾಕೆಂದರೆ ನೀರು ಬೇಲಿ ನೋಡಿ ಹರಿಯುವುದಿಲ್ಲ. ಆ ಅಂಕಿಗಳನ್ನು ನನಗೆ ಕಳಿಸಿ. ಎರಡು ಕೋಣೆಗೆ ಸಾಲುತ್ತೋ, ಮೂರಕ್ಕೆ ಸಾಲುತ್ತೋ, ಒಂದಕ್ಕೂ ಸಾಲದೋ, ಕೂತು ಲೆಕ್ಕ ಹಾಕೋಣ.